ಕೊಲೆ ಮಾಡಿದವರ ಹೆಸರನ್ನು ಗೋಡೆಗೆ ಹೊಡೆದವರಿಗೆ

ಸಿಟ್ಟು ಇನ್ನೂ ಇಳಿದಿಲ್ಲ, ಹಾಗಾಗಿ ಉದ್ದ ಆಗುತ್ತೆ. ಪುರುಸೊತ್ತಿದ್ದವರು ಓದಿ.

ಅಪ್ಪ ಬಂದು ಮೂರು ವಾರ ಆಯ್ತು. ಅವರನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ: ಅರಸೀಕೆರೆ ರೈಲ್ವೆ ಸ್ಟೇಷನ್ನಿನಲ್ಲಿ ನೈಟ್ ಡ್ಯೂಟಿ ಮಾಡುತ್ತಾ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಅರೆದು ಕುಡಿದ ಮನುಷ್ಯ. ಇಲ್ಲಿ ಹೊತ್ತು ಹೋಗದೆ ಚಡಪಡಿಸುತ್ತಿದ್ದರು. ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ ನಡುಹಗಲು ಹರಟೆಗೆ ಯಾರು ಸಿಗುತ್ತಾರೆ ಹೇಳಿ! ನಾನೇ ಕೈಗೆ ಡ್ಯಾಶಿಯಲ್ ಹ್ಯಾಮೆಟ್‌ನ 'ದಿ ಮಾಲ್ಟೀಸ್ ಫಾಲ್ಕನ್' ಕೊಟ್ಟೆ. 1930ರ ಪತ್ತೇದಾರಿ ಕಾದಂಬರಿ. ಕತೆ ನಡೆಯೋದು ಇಲ್ಲೇ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, ರೈಲು ಹತ್ತಿ ಹೋಗಿ ಜಾಗಗಳನ್ನೆಲ್ಲ ನೋಡಿ ಬರೋಣ ಅಂತ ಆಸೆಯನ್ನೂ ಹಚ್ಚಿದೆ.

ಅಪ್ಪ ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಶುರು ಮಾಡಿದರು. "ಟೆಲಿಗ್ರಾಂ ಕೊಟ್ಟ ಹಾಗೆ ಬರೀತಾನಲ್ಲೋ ಇವನು, ಒಂದು ಮಾತು ಜಾಸ್ತಿ ಇಲ್ಲ" ಅಂದರು. ರೈಲ್ವೆಯವರ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. 20 ಅಧ್ಯಾಯಗಳಲ್ಲಿ 13 ಮುಗಿದಿತ್ತು. ಕೊಂದವರು ಯಾರು ಅಂತ ಊಟದ ಹೊತ್ತಿಗೆ ದಿನಕ್ಕೊಬ್ಬರ ಮೇಲೆ ಅನುಮಾನ.

ಶನಿವಾರ ಹೊರಟೆವು. ಹ್ಯಾಮೆಟ್ ಹೆಸರಿನ ನಡಿಗೆಯನ್ನು ಅಲ್ಲಿ ಡಾನ್ ಹೆರಾನ್ 1977ರಲ್ಲೇ ಶುರು ಮಾಡಿದವರು. ಹ್ಯಾಟು, ಉದ್ದ ಕೋಟು ಹಾಕಿಕೊಂಡು ಜನರನ್ನು ಬೀದಿಬೀದಿ ಸುತ್ತಿಸಿದವರು. ನಾವು ಅವರದೇ ಪುಸ್ತಕ ಹಿಡಿದು ನಮ್ಮ ಪಾಡಿಗೆ ನಡೆದೆವು. ಮೊದಲು ಮಾರ್ಕೆಟ್ ಸ್ಟ್ರೀಟಿನ ಫ್ಲಡ್ ಬಿಲ್ಡಿಂಗ್. ಪಿಂಕರ್ಟನ್ ಪತ್ತೇದಾರಿ ಕಂಪನಿಯ ಆಫೀಸು ಇದ್ದದ್ದು ಅದರೊಳಗೆ, ಹ್ಯಾಮೆಟ್ ಆ ಕಂಪನಿಯ ನೌಕರ. 1915ರಲ್ಲಿ ಸೇರಿ, ಕ್ಷಯ ಹಿಡಿದು, 1921ರಲ್ಲಿ ಈ ಊರಿಗೆ ಬಂದವನು. "ಅಂದ್ರೆ ಡ್ಯೂಟಿ ಮಾಡಿದವನೇ ಬರೆದದ್ದಾ!" ಅಂತ ಅಪ್ಪ ಆ ಕಟ್ಟಡಕ್ಕೆ ಕೈಮುಗಿಯುವುದೊಂದು ಬಾಕಿ. ಎಲಿಸ್ ಸ್ಟ್ರೀಟಿನ ಜಾನ್ಸ್ ಗ್ರಿಲ್, 1908ರ ಹೋಟೆಲು. ಕಾದಂಬರಿಯಲ್ಲಿ ಪತ್ತೇದಾರ ಸ್ಯಾಮ್ ಸ್ಪೇಡ್ ಅವಸರದಲ್ಲಿ ಚಾಪ್ಸ್, ಬೇಯಿಸಿದ ಆಲೂಗಡ್ಡೆ, ಹೆಚ್ಚಿದ ಟೊಮೆಟೊ ತಿನ್ನುವುದು ಅಲ್ಲೇ. ಚಾಪ್ಸ್ ಬಿಟ್ಟು ಉಳಿದದ್ದು ನಮಗೆ ಆಗುತ್ತದೆ, ಪತ್ತೇದಾರನ ಮುಕ್ಕಾಲು ಊಟ ನಮ್ಮದೇ ಅಂತ ಅಪ್ಪನ ಲೆಕ್ಕ.

ಆಮೇಲೆ 891 ಪೋಸ್ಟ್ ಸ್ಟ್ರೀಟ್. 1926ರಿಂದ ಮೂರು ವರ್ಷ ಹ್ಯಾಮೆಟ್ ಇದ್ದ ಮನೆ, ನಾಲ್ಕನೇ ಮಹಡಿ, ಮೂಲೆಯದು. ಈ ಕಾದಂಬರಿ ಬರೆದದ್ದೂ ಅಲ್ಲೇ, ಸ್ಪೇಡ್‌ಗೆ ಕೊಟ್ಟದ್ದೂ ಅದೇ ಮನೆ. ಕತ್ತು ನೋಯುವಷ್ಟು ಹೊತ್ತು ಅಪ್ಪ ಆ ಕಿಟಕಿ ನೋಡಿದರು. ಇಲ್ಲಿಯವರೆಗೆ ಎಲ್ಲಾ ಚೆನ್ನಾಗಿತ್ತು.

ಬುಷ್ ಸ್ಟ್ರೀಟ್ ಸ್ಟಾಕ್ಟನ್ ಸುರಂಗದ ನೆತ್ತಿ ದಾಟುವ ಕಡೆ ಬರಿಟ್ ಅಂತ ಒಂದು ಸಂದಿ ಇದೆ. ಸ್ಪೇಡ್‌ನ ಪಾರ್ಟ್ನರ್ ಮೈಲ್ಸ್ ಆರ್ಚರ್ ಗುಂಡು ತಿಂದು ಬೀಳುವ ಜಾಗ. (ಅವನು ಸಾಯೋದು ಎರಡನೇ ಅಧ್ಯಾಯದಲ್ಲಿ, ಅದನ್ನು ಹೇಳಿದರೆ ಪಾಪ ಇಲ್ಲ.) ಸಂದಿಯ ಬಾಯಲ್ಲಿ, ಗೋಡೆಗೆ, ಲೋಹದ ಫಲಕ. ಅಪ್ಪನಿಗೆ ಬೋರ್ಡು ಕಂಡರೆ ಜೋರಾಗಿ ಓದುವ ಚಟ, ಬೆರಳಿಟ್ಟು, ಒಂದೊಂದೇ ಪದ. 'ಸರಿಸುಮಾರು ಈ ಜಾಗದಲ್ಲಿ' ಅಂತ ಶುರುವಾಗುತ್ತೆ. ಆಮೇಲೆ ಸತ್ತವನ ಹೆಸರು. ಆಮೇಲೆ ಕೊಂದವರ ಹೆಸರು. ಪೂರ್ತಿ ಹೆಸರು! ಬೆರಳು ಆ ಹೆಸರಿನ ಮೇಲೇ ನಿಂತುಬಿಟ್ಟಿತು.

"ಓಹೋ" ಅಂದರು. ಅಷ್ಟೇ. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು.

ಕನ್ನಡದಲ್ಲಿ ಇದನ್ನು ಬರೆಯುವ ಫಜೀತಿ ನೋಡಿ. 'ಕೊಂದ' ಅಂದರೂ ಗುಟ್ಟು ರಟ್ಟು, 'ಕೊಂದಳು' ಅಂದರೂ ರಟ್ಟು. ಅದಕ್ಕೇ ಮೊದಲಿಂದ ಬಹುವಚನ ಹಾಕಿ ಕೊಲೆ ಮಾಡಿದವರಿಗೆ ಮರ್ಯಾದೆ ಕೊಡುತ್ತಿದ್ದೇನೆ. ಫೇಸ್‌ಬುಕ್ಕಿನಲ್ಲಿ ಹರಟುವ ನನಗೇ ಇಷ್ಟು ಕಾಳಜಿ ಇದೆ. ಲೋಹದಲ್ಲಿ ಅಚ್ಚು ಹಾಕಿಸಿದವರಿಗೆ ಬೇಡವಾ? ಕೊನೆಯ ಹೆಸರೊಂದನ್ನು ಬಿಟ್ಟಿದ್ದರೆ ಅಕ್ಷರದ ಖರ್ಚೂ ಉಳಿಯುತ್ತಿತ್ತಲ್ಲ.

ಹೌದಪ್ಪ, ಪುಸ್ತಕಕ್ಕೆ ತೊಂಬತ್ತು ದಾಟಿದೆ, 1941ರಲ್ಲಿ ಸಿನಿಮಾ ಬಂದು ಲೋಕಕ್ಕೆಲ್ಲ ಗೊತ್ತಾಗಿದೆ, ಓದದವರು ನಡಿಗೆಗೆ ಯಾಕೆ ಬರಬೇಕು ಅಂತೀರಿ. ಹೆಂಡತಿ ಇದನ್ನೇ ಅಂದಳು. ಪುಸ್ತಕಕ್ಕೆ ವಯಸ್ಸಾಗಿದ್ದರೆ ಆಗಿರಲಿ. 74ನೇ ವಯಸ್ಸಿನಲ್ಲಿ ಮೊದಲ ಸಲ ಓದುವವನಿಗೆ ಅದು ನಿನ್ನೆ ಬಂದ ಪುಸ್ತಕ. ಈ ವಾದ ಹೂಡುವವರೆಲ್ಲ ಆಗಲೇ ಓದಿ ಮುಗಿಸಿದವರೇ ಆಗಿರುತ್ತಾರೆ, ಗಮನಿಸಿ. ಬಾಳೆಲೆ ಎತ್ತಿದವನಿಗೆ ಪಂಕ್ತಿಯಲ್ಲಿ ಕೂತವನ ಹಸಿವು ಏನು ಗೊತ್ತು.

ಹ್ಯಾಮೆಟ್ ಎಂಥವನು ಅಂತ ನೆನೆದರಂತೂ ಮೈ ಉರಿಯುತ್ತೆ. 1951ರಲ್ಲಿ, ಕಮ್ಯುನಿಸ್ಟರ ಬೇಟೆಯ ಕಾಲದಲ್ಲಿ, ಜಾಮೀನು ನಿಧಿಯೊಂದಕ್ಕೆ ದುಡ್ಡು ಕೊಟ್ಟವರ ಹೆಸರು ಹೇಳು ಅಂತ ಕೋರ್ಟು ಕೇಳಿತು. ಹೇಳಲಿಲ್ಲ. ಆರು ತಿಂಗಳ ಶಿಕ್ಷೆ ಹಾಕಿದರು, ಕ್ಷಯ ತಿಂದ ಶ್ವಾಸಕೋಶ ಹೊತ್ತು ಜೈಲಿಗೆ ಹೋದ. ಹೆಸರು ಬಾಯಿಬಿಡದೆ ಜೈಲು ಕಂಡವನ ನೆನಪಿಗೆ ನೀವು ಮಾಡಿದ್ದೇನು? ಬೀದಿಯಲ್ಲಿ ಹೆಸರು ಹೇಳಿದಿರಿ!

ತಪ್ಪು ನನ್ನದೂ ಇದೆ. ಹತ್ತು ವರ್ಷದ ಹಿಂದೆ ಅದೇ ಫಲಕದ ಪಕ್ಕ ನಿಂತು ಫೋಟೊ ಹೊಡೆಸಿಕೊಂಡವನು ನಾನು. ಆ ಸಂದಿಗೆ ಅಪ್ಪನನ್ನು ಕೈಹಿಡಿದು ಕರೆದುಕೊಂಡು ಹೋಗುವಾಗ ಹೊಳೆಯಬೇಕಿತ್ತು. ಆ ಫೋಟೊ ಇನ್ನೂ ನನ್ನ ಆಲ್ಬಮ್ಮಿನಲ್ಲಿದೆ, ಯಾರೂ ಹೋಗಿ ಜೂಮ್ ಮಾಡಬೇಡಿ.

ಇನ್ನೊಂದು ಹೇಳಿಬಿಡುತ್ತೇನೆ, ಅಪ್ಪ ಫೇಸ್‌ಬುಕ್ಕಿಗೆ ಬರೋದಿಲ್ಲ ಅನ್ನೋ ಧೈರ್ಯದ ಮೇಲೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ, ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದ ಪತ್ತೇದಾರಿ ಪುಸ್ತಕಗಳ ಮೊದಲ ಪುಟದಲ್ಲೇ ಯಾರೋ ಪೆನ್ಸಿಲ್‌ನಲ್ಲಿ ಕೊಲೆಗಾರನ ಹೆಸರು ಬರೆದಿಡುತ್ತಿದ್ದರು. ಅಪ್ಪ ಕೆಂಡವಾಗಿ, ಪತ್ತೆ ಹಚ್ಚುತ್ತೇನೆ ಅಂತ ಲೈಬ್ರರಿಯವರ ಲೆಡ್ಜರನ್ನೇ ತೆರೆಸಿ ನೋಡಿದ್ದರು. ಸಿಗಲಿಲ್ಲ. ಹೇಗೆ ಸಿಗುತ್ತೆ? ರಾತ್ರಿಯೆಲ್ಲಾ ಅಪ್ಪನನ್ನು ನಮ್ಮಿಂದ ಕಿತ್ತುಕೊಳ್ಳುತ್ತಿದ್ದ ಪುಸ್ತಕಗಳ ಮೇಲೆ ಸೇಡು ತೀರಿಸಿಕೊಂಡವನು ಲೆಡ್ಜರಿನಲ್ಲಿ ಇರಲಿಲ್ಲ, ಮನೆಯಲ್ಲೇ ಇದ್ದ.

ಶನಿವಾರ ವಾಪಸು ಬರುವಾಗ ರೈಲಿನಲ್ಲಿ ಅಪ್ಪ ಅಂದರು: "ಆವಾಗ ಅರಸೀಕೆರೇಲೂ ಒಬ್ಬ ಇದ್ದ ಕಣೋ, ಹೀಗೇ ಮಾಡ್ತಿದ್ದ." ನಾನು ಕಿಟಕಿ ನೋಡಿದೆ.

ಪುಸ್ತಕ ಟೀಪಾಯಿ ಮೇಲಿದೆ. 13ನೇ ಅಧ್ಯಾಯದ ಕೊನೆಯಲ್ಲಿ ಇಟ್ಟ ಟಿಕೆಟ್ಟು ಇನ್ನೂ ಅಲ್ಲೇ ಇದೆ.

ತಂಗೀ, ಇದನ್ನು ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಹಾಕಿದರೆ ನೋಡು. ಕಮೆಂಟಿನಲ್ಲಿ ಆ ಹೆಸರು ಬರೆದವರನ್ನು ಅಲ್ಲೇ ಅನ್‌ಫ್ರೆಂಡ್ ಮಾಡುತ್ತೇನೆ, ಎಷ್ಟೇ ಹಳೇ ಸ್ನೇಹವಾಗಿರಲಿ.