ಪೇಪರ್ ಸಿಕ್ತು ಸರಿ, ಆಮೇಲೆ ಅದಕ್ಕೇನಾಯ್ತು ಅಂತ ನೋಡಿದ್ರಾ?

ಸೈಕಾಲಜಿ ಓದುತ್ತಿರುವವರಿಗೆ ಒಂದು ಮಾತು ಹೇಳಲೇಬೇಕು ಅನ್ನಿಸಿದೆ. ಪ್ರಾಜೆಕ್ಟಿಗೋ ಥೀಸಿಸ್ಸಿಗೋ ಆಧಾರ ಹುಡುಕುವಾಗ, ವಿಷಯಕ್ಕೆ ಹೊಂದುವ ಸಂಶೋಧನಾ ಪೇಪರ್ ಒಂದು ಸಿಕ್ಕರೆ ಸಾಕು, ಹುಡುಕಾಟ ಮುಗಿಯಿತು ಅಂದುಕೊಳ್ಳುವವರೇ ಜಾಸ್ತಿ. ನಿಜವಾದ ಕೆಲಸ ಶುರುವಾಗುವುದೇ ಅಲ್ಲಿಂದ.

ಸೈಕಾಲಜಿಸ್ಟ್ ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರ 1998ರ ಪೇಪರನ್ನೇ ನೋಡಿ. ಎದುರಿಗೆ ಚಾಕೊಲೇಟ್, ಕುಕೀಸ್ ಇಟ್ಟು ಕೆಲವರಿಗೆ ಬರೀ ಮೂಲಂಗಿ ತಿನ್ನಲು ಹೇಳಿದರು. ಆಮೇಲೆ ಬಿಡಿಸಲಾಗದ ಒಗಟು ಕೊಟ್ಟಾಗ ಮೂಲಂಗಿ ತಿಂದವರು ಬೇಗ ಕೈಚೆಲ್ಲಿದರು. ಮನಸ್ಸಿನ ಹತೋಟಿ ಬಳಸಿದಷ್ಟೂ ಕರಗುತ್ತದೆ ಎಂಬ ವಾದ ಇದರಿಂದ ಹಬ್ಬಿತು. ಈ ಪೇಪರ್ ಮಾತ್ರ ಓದಿದವರು ಅದನ್ನೇ ಸತ್ಯ ಅಂತ ಬರೆಯುತ್ತಾರೆ. ಆದರೆ 2016ರಲ್ಲಿ 23 ಲ್ಯಾಬುಗಳು ಸೇರಿ, 2000ಕ್ಕೂ ಹೆಚ್ಚು ಜನರ ಮೇಲೆ, ಬೇರೆ ವಿಧಾನದಲ್ಲಿ ಇದೇ ವಾದವನ್ನು ಪರೀಕ್ಷಿಸಿದವು. ಪರಿಣಾಮ ಹೆಚ್ಚುಕಡಿಮೆ ಸೊನ್ನೆ! ಇದನ್ನು ಬಿಟ್ಟು ಬರೆದರೆ ಓದುವವರಿಗೆ ಅರ್ಧ ಕಥೆ ಹೇಳಿದ ಹಾಗಲ್ವಾ?

ಇದನ್ನು ಪತ್ತೆ ಮಾಡುವುದು ಕಷ್ಟವೇನಲ್ಲ. ಸಂಶೋಧನಾ ಬರಹಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್‌ನಲ್ಲಿ ಪೇಪರಿನ ಕೆಳಗೆ 'ಸೈಟೆಡ್ ಬೈ' ಅಂತ ಇರುತ್ತದೆ. ಅದನ್ನು ಒತ್ತಿದರೆ ಆ ಪೇಪರನ್ನು ಉಲ್ಲೇಖಿಸಿದ ಬರಹಗಳೆಲ್ಲ ಬರುತ್ತವೆ. ಅವುಗಳೊಳಗೇ ಹುಡುಕುವ ಆಯ್ಕೆಗೆ ಟಿಕ್ ಹಾಕಿ 'ರೆಪ್ಲಿಕೇಶನ್' (replication, ಅಂದರೆ ಅಧ್ಯಯನವನ್ನು ಮತ್ತೆ ಮಾಡಿ ನೋಡುವುದು) ಅಂತ ಟೈಪ್ ಮಾಡಿ.

'ಪಿಯರ್ ರಿವ್ಯೂ ಆಗಿದೆ, ಅಂದ್ರೆ ಅದೇ ಕ್ಷೇತ್ರದ ತಜ್ಞರು ಪ್ರಕಟಣೆಗೆ ಮೊದಲೇ ಪರಿಶೀಲಿಸಿದ್ದಾರೆ, ಸಾಕಲ್ವಾ?' ಅಂತ ಕೆಲವರು ಕೇಳುತ್ತಾರೆ. ಸಾಲದು. 2015ರಲ್ಲಿ ಪ್ರಕಟವಾದ ದೊಡ್ಡ ಪ್ರಯತ್ನವೊಂದರಲ್ಲಿ ಸೈಕಾಲಜಿಯ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದರು. ಮೂಲದಲ್ಲಿ ಶೇ. 97ರಷ್ಟು ಅಧ್ಯಯನಗಳು 'ಸಿಗ್ನಿಫಿಕೆಂಟ್', ಅಂದರೆ ಬರೀ ಆಕಸ್ಮಿಕ ಅಂತ ಸುಲಭವಾಗಿ ತಳ್ಳಿಹಾಕಲಾಗದ, ಫಲಿತಾಂಶ ಕೊಟ್ಟಿದ್ದವು. ಎರಡನೇ ಸಲ ಕೊಟ್ಟಿದ್ದು ಶೇ. 36 ಮಾತ್ರ. ಮೂಲ ಪೇಪರುಗಳೆಲ್ಲ ಹೆಸರಾಂತ ಜರ್ನಲ್‌ಗಳಲ್ಲಿ ಬಂದಿದ್ದಂಥವೇ.

ಹಾಗಂತ ಗೂಗಲ್ ಸ್ಕಾಲರ್ ಒಂದನ್ನೇ ನಂಬಿ ಕೂರಬೇಡಿ. ನಿಮ್ಮ ಲೈಬ್ರರಿ ಚಂದಾ ಕಟ್ಟಿ ಸೈಕ್‌ಇನ್ಫೋ ತರಿಸುತ್ತಿದ್ದರೆ ಅದನ್ನು ಬಳಸದೇ ಇರುವುದು ದೊಡ್ಡ ನಷ್ಟ. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್‌ನ ಡೇಟಾಬೇಸ್ ಅದು. ಪ್ರತಿ ಪೇಪರಿಗೂ ನಿಗದಿತ ವಿಷಯಪದಗಳನ್ನು ಅಂಟಿಸಿರುತ್ತಾರೆ. ನೀವು 'ಎಕ್ಸಾಮ್ ಫಿಯರ್' ಅಂತ ಹುಡುಕಿದರೆ ಸಿಗುವುದು ಸ್ವಲ್ಪವೇ. 'ಟೆಸ್ಟ್ ಆಂಗ್ಸೈಟಿ' ಅಂತ ಕೊಡಿ, ಆ ವಿಷಯದ ರಾಶಿಯೇ ತೆರೆದುಕೊಳ್ಳುತ್ತದೆ. ಸರಿಯಾದ ಪದ ಯಾವುದು ಅಂತ ನೋಡಲು ಅಲ್ಲೇ ಥೆಸಾರಸ್, ಅಂದರೆ ಆ ನಿಗದಿತ ಪದಗಳ ಪಟ್ಟಿ, ಇದೆ. ಫಿಲ್ಟರಿನಲ್ಲಿ 'ಮೆಟಾ ಅನಾಲಿಸಿಸ್' ಆರಿಸಿದರೆ ಹತ್ತಾರು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ಬರಹಗಳು ಸಿಗುತ್ತವೆ. ಹೊಸ ವಿಷಯಕ್ಕೆ ಕೈ ಹಾಕುವವರು ಮೊದಲು ಓದಬೇಕಾದ್ದು ಅವನ್ನೇ. ಮೆದುಳು, ಔಷಧಿ, ಕಾಯಿಲೆಗೆ ತಾಗಿದ ವಿಷಯವಾದರೆ ವೈದ್ಯಕೀಯ ಬರಹಗಳ ಡೇಟಾಬೇಸ್ ಆದ ಪಬ್‌ಮೆಡ್ ಕೂಡ ನೋಡಿ. ಅಲ್ಲಿ ಹುಡುಕಲು ದುಡ್ಡು ಕೊಡಬೇಕಿಲ್ಲ.

ಪೂರ್ತಿ ಪೇಪರ್ ಓದಲು ದುಡ್ಡು ಕೇಳಿದರೆ ತಕ್ಷಣ ಕೊಡಬೇಡಿ. ಲೈಬ್ರರಿ ಲಾಗಿನ್‌ನಿಂದ ಒಮ್ಮೆ ನೋಡಿ. ಇಲ್ಲದಿದ್ದರೆ ಬೇರೆ ಲೈಬ್ರರಿಯಿಂದ ತರಿಸಿಕೊಡುವ ವ್ಯವಸ್ಥೆ ಇದೆಯಾ ಕೇಳಿ. ಪೇಪರ್ ಬರೆದವರಿಗೇ ಮೇಲ್ ಹಾಕಬಹುದು, ಎಷ್ಟೋ ಜನ ಖುಷಿಯಿಂದ ಕಳಿಸುತ್ತಾರೆ.

ಲೈಬ್ರೇರಿಯನ್ ಹತ್ತಿರ ಹೋಗಲು ಸಂಕೋಚ ಬೇಡ. ಹುಡುಕಲು ನೆರವಾಗುವುದು ಅವರ ಕೆಲಸದ ಭಾಗವೇ. ಸುಮ್ನೆ 'ಡಿಪ್ರೆಶನ್ ಬಗ್ಗೆ ಏನಾದ್ರೂ ಕೊಡಿ' ಅನ್ನುವ ಬದಲು, ಯಾವ ವಯಸ್ಸಿನವರ ಬಗ್ಗೆ, ಯಾವುದಕ್ಕೂ ಯಾವುದಕ್ಕೂ ಇರುವ ಸಂಬಂಧ ನೋಡುತ್ತಿದ್ದೀರಿ, ಇಷ್ಟರವರೆಗೆ ಎಲ್ಲೆಲ್ಲಿ ಯಾವ ಪದ ಹಾಕಿ ಹುಡುಕಿದ್ದೀರಿ ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ.