ಗೋಡೆಯ ಹಿಂದಿನ ಹಸಿರು ತಂತಿ

ಬರ್ಮಿಂಗ್‌ಹ್ಯಾಮಿನ ಬಾಡಿಗೆ ಮನೆಗೆ ಬಂದ ಮೊದಲ ರಾತ್ರಿ ಬಚ್ಚಲುಮನೆಯ ಸ್ವಿಚ್ಚಿಗಾಗಿ ಗೋಡೆಯೆಲ್ಲ ತಡಕಾಡಿ ಸೋತಿದ್ದೆ. ಸೂರಿನಿಂದ ಇಳಿಬಿಟ್ಟ ದಾರವನ್ನು ಎಳೆದರೆ ದೀಪ ಹತ್ತುತ್ತದೆಂದು ತಿಳಿದದ್ದು ಆಮೇಲೆ. ಒದ್ದೆ ಕೈ ಸ್ವಿಚ್ಚಿಗೆ ತಾಗಬಾರದೆಂದು ಹಾಗೆ ಮಾಡಿದ್ದಾರೆ. ಹಾಸನದ ನಮ್ಮ ಮನೆಯಲ್ಲಾದರೋ, ಬಕೆಟ್ಟಿಗೆ ಕಾಯಿಲ್ ಇಳಿಬಿಟ್ಟು, ಅದರ ವೈರಿನ ಬರಿ ತುದಿಗಳನ್ನು ಸಾಕೆಟ್ಟಿನ ತೂತಿಗೆ ತೂರಿಸಿ, ಕದಲದಂತೆ ಬೆಂಕಿಕಡ್ಡಿ ಸಿಕ್ಕಿಸಿ ನೀರು ಕಾಯಿಸುತ್ತಿದ್ದೆವು. “ಸ್ವಿಚ್ ಆರಿಸದೆ ನೀರು ಮುಟ್ಟಬೇಡ್ರೋ” ಎಂದು ಅಮ್ಮ ಅಡುಗೆಮನೆಯಿಂದ ಕೂಗುತ್ತಿದ್ದರು. ನಮಗಿದ್ದ ರಕ್ಷಣೆ ಆ ಕೂಗೊಂದೇ.

ಎರಡೂ ಕಡೆ ಇರುವುದು ಅದೇ 230 ವೋಲ್ಟ್. ಇಲ್ಲಿಯವರು ನಮಗಿಂತ ಎಚ್ಚರಿಕೆಯ ಜನ ಎಂದು ನನಗನಿಸಿಲ್ಲ. ಪ್ಲಗ್ಗಿನೊಳಗೊಂದು ಫ್ಯೂಸ್ ಇದೆಯೆಂಬುದೇ ನನ್ನ ನೆರೆಯವರಿಗೆ ಗೊತ್ತಿರಲಿಲ್ಲ. ಮನುಷ್ಯ ಮರೆಯುತ್ತಾನೆಂದು ಮೊದಲೇ ಒಪ್ಪಿಕೊಂಡು ಇಲ್ಲಿ ನಿಯಮ ಮಾಡಿದ್ದಾರೆ. ಇಂಗ್ಲೆಂಡಿನಲ್ಲಿ 2020ರ ನಿಯಮದಂತೆ ಬಾಡಿಗೆ ಮನೆಯ ವೈರಿಂಗನ್ನು ಮಾಲೀಕರು ಕನಿಷ್ಠ 5 ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ, ವರದಿಯನ್ನು ಬಾಡಿಗೆದಾರರಿಗೆ ಕೊಡಬೇಕು. ನಮ್ಮಲ್ಲಿ ಅಡ್ವಾನ್ಸ್ ಎಷ್ಟೆಂದು ಕೇಳುತ್ತೇವೆಯೇ ಹೊರತು ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಇದೆಯೇ ಎಂದು ಕೇಳಿದವರನ್ನು ನಾನು ಕಂಡಿಲ್ಲ.

ನಮ್ಮ ಪ್ಲಗ್ಗಿನಲ್ಲೂ ಅರ್ಥ್ ಪಿನ್ ಉಳಿದೆರಡಕ್ಕಿಂತ ಉದ್ದವಾಗಿದೆ. ಎಲ್ಲಕ್ಕಿಂತ ಮೊದಲು ಅದೇ ತಾಗಲೆಂದು ಹಾಗೆ. ಆದರೆ ಎಷ್ಟೋ ಹಳೆಯ ಮನೆಗಳಲ್ಲಿ ಆ ಪಿನ್ನಿನ ತೂತಿನ ಹಿಂದೆ ನೆಲಕ್ಕೆ ಹೋಗುವ ಹಸಿರು ತಂತಿಯೇ ಇರುವುದಿಲ್ಲ. ಕರೆಂಟ್ ಮಿತಿಮೀರಿದರೆ ತಾನೇ ಬೀಳುವ ಸ್ವಿಚ್ಚು, ಎಂಸಿಬಿ, ಇದೆಯಲ್ಲ ಎಂದು ನೆಮ್ಮದಿಯಾಗಿರುವವರೂ ಬಹಳ. ಅದು ಕಾಯುವುದು ವೈರನ್ನು, ಮನುಷ್ಯನನ್ನಲ್ಲ. ಮೈಯೊಳಗೆ ಹರಿದು ಜೀವ ತೆಗೆಯಲು ಆಂಪಿಯರಿನ ಹತ್ತರಲ್ಲೊಂದು ಪಾಲು ಸಾಕು. 16 ಆಂಪಿಯರಿನ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಫೇಸಿನಲ್ಲಿ ಹೋದ ಕರೆಂಟನ್ನು ನ್ಯೂಟ್ರಲ್ಲಿನಲ್ಲಿ ಮರಳಿದ್ದರೊಡನೆ ತಾಳೆ ನೋಡಿ, 30 ಮಿಲಿ ಆಂಪಿಯರಿನಷ್ಟು ಎಲ್ಲೋ ಸೋರಿದೆಯೆಂದು ಕಂಡೊಡನೆ ಲೈನನ್ನೇ ಕಡಿಯುವುದು ಆರ್‌ಸಿಸಿಬಿ ಎಂಬ ಇನ್ನೊಂದು ಸ್ವಿಚ್ಚು.

ದುಡಿಮೆಯ ಜಾಗದಲ್ಲೂ ಇದೇ ಅಂತರ. ಇಲ್ಲಿ ನಾನು ದುಡಿಯುವ ಕಾರ್ಖಾನೆಯಲ್ಲಿ ಯಂತ್ರ ಬಿಚ್ಚುವವನು ಮೇನ್ ಸ್ವಿಚ್ಚಿಗೆ ತನ್ನದೇ ಬೀಗ ಜಡಿದು ಕೀಲಿಯನ್ನು ಕಿಸೆಗೆ ಹಾಕಿಕೊಳ್ಳುತ್ತಾನೆ. ಊರಿನಲ್ಲಿ ಲೈನ್‌ಮನ್‌ಗಳೂ ಎಲ್‌ಸಿ, ಅಂದರೆ ಲೈನ್ ಆರಿಸಿದೆಯೆಂಬ ಅನುಮತಿ, ಪಡೆದೇ ಕಂಬ ಹತ್ತಬೇಕು, ನಿಜ. ಆದರೆ ಟ್ರಾನ್ಸ್‌ಫಾರ್ಮರಿನ ಫ್ಯೂಸ್ ಹೋದ ರಾತ್ರಿ ರೈತನೇ ಒಣ ಕೋಲು ಹಿಡಿದು ಹೊರಡುತ್ತಾನೆ. ಪಂಪ್‌ಸೆಟ್ಟಿಗೆ ಕರೆಂಟ್ ಬರುವುದೇ ಕೆಲವು ಗಂಟೆ ಎಂದಮೇಲೆ ಅವನನ್ನು ದೂರಲು ನನಗೆ ಬಾಯಿ ಬಾರದು.

ಕಳೆದ ಸಲ ಊರಿಗೆ ಹೋದಾಗ ಉಪ್ಪು, ಇದ್ದಿಲು ತುಂಬಿದ ಅರ್ಥಿಂಗ್ ಗುಂಡಿ ತೆಗೆಸಿ, ಹಸಿರು ತಂತಿ ಎಳೆಸಿ, ಆರ್‌ಸಿಸಿಬಿ ಹಾಕಿಸಿದೆ. ಅಂದು ಸಂಜೆ ಗ್ರೈಂಡರ್ ಹಾಕಿದೊಡನೆ ಆರ್‌ಸಿಸಿಬಿ ಬಿತ್ತು. ಮತ್ತೆ ಎತ್ತಿದರೆ ಮತ್ತೆ ಬಿತ್ತು. “ಇದು ಸುಮ್ಮನೆ ಕಾಟ ಕೊಡುತ್ತೆ ಸಾರ್, ಬೈಪಾಸ್ ಮಾಡಿಬಿಡ್ತೀನಿ” ಎಂದ ಎಲೆಕ್ಟ್ರಿಷಿಯನ್. ಅಮ್ಮ ಅದಕ್ಕೆ, “ಆ ಗ್ರೈಂಡರ್ ಮೊದಲಿಂದಲೂ ಜುಮ್ ಅನ್ನುತ್ತಪ್ಪ, ಅದಕ್ಕೇ ನಾನು ಚಪ್ಪಲಿ ಮೆಟ್ಟಿಕೊಂಡು ರುಬ್ಬೋದು” ಎಂದರು.