ಕಳಚಿದ ಹಲ್ಲಿನ ಕ್ಯಾಪ್‌ಗೆ ಫೆವಿಕ್ವಿಕ್: ಸ್ಪಷ್ಟನೆ

ಕರದಂಟು ಕಚ್ಚಿದಾಗ ಕಿತ್ತು ಬಂದ ಹಲ್ಲಿನ ಕ್ಯಾಪನ್ನು ಒಂದು ಹನಿ ಫೆವಿಕ್ವಿಕ್ ಹಾಕಿ ಕೂರಿಸಿಕೊಳ್ಳಬಹುದು ಎಂಬ ಸಂದೇಶ ಬಾಗಲಕೋಟೆ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಆ ಅಂಟು ಸಯನೋಅಕ್ರಿಲೇಟ್. ಒದ್ದೆ ತಾಗಿದ ಕೂಡಲೇ ಬಿಸಿ ಹೊಮ್ಮಿಸುತ್ತ ಗಟ್ಟಿಯಾಗುತ್ತದೆ. ಬಾಯಲ್ಲಿ ಒದ್ದೆಗೇನು ಬರ? ಕ್ಯಾಪ್ ಕೂದಲೆಳೆಯಷ್ಟು ಓರೆಯಾಗಿ ಕೂತರೂ ತಿದ್ದಲು ಸಮಯವಿರುವುದಿಲ್ಲ. ಆಮೇಲೆ ಕಚ್ಚಿದಾಗಲೆಲ್ಲ ಭಾರ ಆ ಒಂದೇ ಹಲ್ಲಿನ ಮೇಲೆ. ಒಸಡಿಗೆ ತಾಗಿದರೆ ಸುಡುತ್ತದೆ. ಒಳಗೆ ಅಂಟಿನ ಪದರ ಉಳಿದರೆ ಅದೇ ಕ್ಯಾಪನ್ನು ವೈದ್ಯರು ಮತ್ತೆ ಕೂರಿಸುವುದೂ ಕಷ್ಟ.

ವೈದ್ಯರು ಸಿಗುವ ತನಕ ಹೀಗೆ ಮಾಡಿ. ಕ್ಯಾಪ್ ತೊಳೆದು, ಒಳಗಿನ ಹಳೆಯ ಸಿಮೆಂಟ್ ಪುಡಿಯನ್ನು ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ. ಹಲ್ಲಿನ ತುಂಡು ಒಳಗೇ ಸಿಕ್ಕಿಕೊಂಡಿದ್ದರೆ ಅಲ್ಲಿಗೇ ನಿಲ್ಲಿಸಿ, ಡಬ್ಬಿಯಲ್ಲಿಟ್ಟುಕೊಂಡು ಹೋಗಿ. ಇಲ್ಲವಾದರೆ ಮೊದಲು ಏನೂ ಹಚ್ಚದೆ ಕೂರಿಸಿ, ಕಚ್ಚಿ ನೋಡಿ. ಎತ್ತರ ಅನಿಸದಿದ್ದರೆ ಹಲ್ಲನ್ನು ಹತ್ತಿಯಿಂದ ಒರೆಸಿ, ಹಲ್ಲಿನ ಸೆಟ್‌ಗೆ ಹಚ್ಚುವ ಕ್ರೀಮನ್ನು (ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ) ಕ್ಯಾಪಿನೊಳಗೆ ತೆಳ್ಳಗೆ ಸವರಿ ಕೂರಿಸಿ. ಮಲಗುವಾಗ ತೆಗೆದಿಡಿ, ನಿದ್ದೆಯಲ್ಲಿ ಕಳಚಿದರೆ ಶ್ವಾಸನಾಳಕ್ಕೆ ಇಳಿಯಬಹುದು. ಆ ಬದಿಯಲ್ಲಿ ಕಟಿರೊಟ್ಟಿ ಬೇಡ. ಎರಡು ಮೂರು ದಿನದೊಳಗೆ ತೋರಿಸಿ, ತಡವಾದರೆ ಹಲ್ಲು ಸರಿದು ಕ್ಯಾಪ್ ಕೂರುವುದಿಲ್ಲ. ಮುಖ ಬಾತರೆ, ಜ್ವರ ಬಂದರೆ ಅವತ್ತೇ ಹೋಗಿ.